ಹಿತ್ತಲ ಗಿಡವೇ ಮದ್ದಾಗಿದ್ದ ಕಾಲ

ಬೆಂಗಳೂರಿನಂಥ ನಗರಗಳ ದೊಡ್ಡ ತರಕಾರಿ ಮಳಿಗೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಸೊಪ್ಪೊಂದು ಕಾಣಿಸಿಕೊಂಡಿದೆ. ಅಂಚು ಸುರುಟಿಕೊಂಡ, ಕಡು ಹಸಿರಿನ, ಮುಟ್ಟಿದರೆ ಒರಟೆನಿಸುವ ಎಲೆ. ಹೆಸರು ಕೇಲ್. ದಂಟು, ಮೆಂತ್ಯ, ಸಬ್ಬಸಿಗೆ ಸೊಪ್ಪುಗಳ ಪಕ್ಕದಲ್ಲಿ ಅದರ ಬೆಲೆ ನೋಡಿದವರು ಹುಬ್ಬೇರಿಸುತ್ತಾರೆ. ಆರೋಗ್ಯದ ಪುಟಗಳು ಅದನ್ನು ಅದ್ಭುತ ಆಹಾರವೆಂದು ಕೊಂಡಾಡುತ್ತವೆ. ಈ ಹೊಗಳಿಕೆಯಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ಶತಮಾನಗಳ ಕಾಲ ಇದು ಬಡವರ ಸೊಪ್ಪಾಗಿತ್ತು. ಹಣ ಕೊಟ್ಟು ಕೊಳ್ಳುವ ಪದಾರ್ಥವೇ ಆಗಿರಲಿಲ್ಲ. ಮನೆಯ ಹಿಂದೆ ಹೋಗಿ ಮುರಿದುಕೊಂಡು ಬರುವ ಎಲೆಯಾಗಿತ್ತು.

ಇದು ಎಲ್ಲ ಕಡೆಗಿಂತ ಹೆಚ್ಚು ನಿಜವಾಗಿದ್ದುದು ಸ್ಕಾಟ್ಲೆಂಡಿನಲ್ಲಿ. ಅಲ್ಲಿನ ಹಳ್ಳಿಗಳಲ್ಲಿ ಹುಲ್ಲು ಹೊದಿಸಿದ ಗುಡಿಸಲು ಎಷ್ಟೇ ಚಿಕ್ಕದಿರಲಿ, ಅದಕ್ಕೆ ತಾಗಿಕೊಂಡು ಕಲ್ಲಿನ ಅಥವಾ ಮಣ್ಣುಹೆಂಟೆಯ ಗೋಡೆ ಸುತ್ತಿದ ಒಂದು ತುಂಡು ನೆಲವಿರುತ್ತಿತ್ತು. ಅದನ್ನು ‘ಕೇಲ್‌ಯಾರ್ಡ್’ ಎನ್ನುತ್ತಿದ್ದರು. ಕನ್ನಡದಲ್ಲಿ ಅದಕ್ಕೆ ‘ಕೇಲ್ ಹಿತ್ತಲು’ ಎಂದರೆ ಸರಿಹೋಗುತ್ತದೆ. ಈ ಹಿತ್ತಲಿನ ಇತಿಹಾಸ ಕೇವಲ ತೋಟಗಾರಿಕೆಯ ಇತಿಹಾಸವಲ್ಲ. ಭೂಮಿಯಿಲ್ಲದವನಿಗೆ ಅಂಗೈಯಗಲದ ನೆಲ ಎಷ್ಟು ಮುಖ್ಯ, ಅದು ಕೈತಪ್ಪಿದರೆ ಏನಾಗುತ್ತದೆ ಎಂಬುದರ ಇತಿಹಾಸವೂ ಹೌದು.

ಒಂದೇ ಬಸುರಿನ ಮಕ್ಕಳು

ಕೇಲ್ ನಮಗೆ ಅಪರಿಚಿತ ಕುಟುಂಬದ್ದೇನಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು ಎಂದು ಕನ್ನಡಿಗರು ಮೂರಕ್ಕೂ ‘ಕೋಸು’ ಸೇರಿಸಿ ಕರೆಯುತ್ತಾರೆ. ಸಸ್ಯಶಾಸ್ತ್ರಜ್ಞರ ಲೆಕ್ಕವೂ ಇದೇ. ಈ ಮೂರೂ, ಇವುಗಳ ಜೊತೆಗೆ ಬ್ರೊಕೊಲಿ ಮತ್ತು ಕೇಲ್ ಕೂಡ, ‘ಬ್ರಾಸಿಕಾ ಒಲರೇಸಿಯಾ’ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಯುರೋಪಿನಲ್ಲಿ ಬೆಳೆಯುವ ಕಾಡುಕೋಸಿನ ಜಾತಿಯಿಂದ ರೈತರು ತಲೆಮಾರುಗಳ ಕಾಲ ಬೀಜ ಆರಿಸುತ್ತ ಬಂದರು. ಕುಡಿಯೆಲೆಗಳು ಒಂದರ ಮೇಲೊಂದು ಮುಚ್ಚಿಕೊಂಡು ಉಂಡೆಗಟ್ಟಿದ್ದನ್ನು ಆರಿಸಿದ ಕಡೆ ಎಲೆಕೋಸಾಯಿತು. ಹೂವಿನ ಮೊಗ್ಗು ದಪ್ಪಗಾದದ್ದನ್ನು ಆರಿಸಿದ ಕಡೆ ಹೂಕೋಸಾಯಿತು. ಕಾಂಡ ಉಬ್ಬಿದ್ದು ನವಿಲುಕೋಸಾಯಿತು. ಕೇಲ್ ಮಾತ್ರ ಮೂಲ ರೂಪಕ್ಕೆ ಹತ್ತಿರವಾಗಿಯೇ ಉಳಿಯಿತು. ಅದು ಉಂಡೆ ಕಟ್ಟುವುದಿಲ್ಲ. ನೆಟ್ಟಗಿನ ಕಾಂಡದ ಸುತ್ತ ಬಿಡಿ ಬಿಡಿ ಎಲೆಗಳು, ಅಷ್ಟೇ.

ಹೀಗೆ ಬಿಡಿ ಎಲೆ ಬಿಡುವ ಕೋಸು ಬಹಳ ಹಳೆಯದು. ಕ್ರಿ.ಪೂ. 300ರ ಸುಮಾರಿನಲ್ಲಿ ಬರೆದ ಗ್ರೀಕ್ ಸಸ್ಯಶಾಸ್ತ್ರಜ್ಞ ಥಿಯೊಫ್ರಾಸ್ಟಸ್, ಸುರುಳಿ ಎಲೆಯ ಮತ್ತು ನುಣುಪು ಎಲೆಯ ಕೋಸುಗಳನ್ನು ಬೇರೆ ಬೇರೆಯಾಗಿ ಗುರುತಿಸಿದ್ದಾನೆ. ಕ್ರಿ.ಪೂ. ಎರಡನೇ ಶತಮಾನದ ರೋಮನ್ ರಾಜಕಾರಣಿ ಕೇಟೊ ತನ್ನ ಕೃಷಿಗ್ರಂಥದಲ್ಲಿ ಕೋಸನ್ನು ಎಲ್ಲ ತರಕಾರಿಗಳಿಗಿಂತ ಮಿಗಿಲೆಂದು ಹೊಗಳಿ, ಹಲವು ಕಾಯಿಲೆಗಳಿಗೆ ಅದನ್ನೇ ಔಷಧವೆಂದು ಹೇಳಿದ್ದಾನೆ. ಲ್ಯಾಟಿನ್ ಭಾಷೆಯಲ್ಲಿ ‘ಕಾಲಿಸ್’ ಎಂದರೆ ಕಾಂಡ. ಆ ಪದವೇ ಉತ್ತರಕ್ಕೆ ನಡೆದು ಜರ್ಮನ್ನರ ಬಾಯಲ್ಲಿ ‘ಕೋಲ್’, ಸ್ಕಾಟರ ಬಾಯಲ್ಲಿ ‘ಕೇಲ್’ ಆಯಿತು.

ಉತ್ತರದ ಚಳಿನಾಡುಗಳು ಈ ಗಿಡವನ್ನು ಅಷ್ಟೊಂದು ನೆಚ್ಚಿಕೊಳ್ಳಲು ಕಾರಣವಿದೆ. ಎಡಿನ್‌ಬರೊ ನಗರದಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲೆಂದರೆ ಏಳು ಗಂಟೆ ಮಾತ್ರ. ನೆಲ ಹೆಪ್ಪುಗಟ್ಟುತ್ತದೆ. ಬೇರೆ ಸೊಪ್ಪುಗಳೆಲ್ಲ ಕಪ್ಪಾಗಿ ಕೊಳೆಯುವಾಗ ಕೇಲ್ ಹಿಮ ಹೊದ್ದು ನಿಂತಿರುತ್ತದೆ. ಚಳಿ ಏರಿದಂತೆ ಈ ಗಿಡ ತನ್ನಲ್ಲಿರುವ ಪಿಷ್ಟದ ಒಂದು ಭಾಗವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಸಕ್ಕರೆ ಕರಗಿದ ನೀರು ಬರಿಯ ನೀರಿನಷ್ಟು ಬೇಗ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಎಲೆಯ ಜೀವಕೋಶಗಳು ಒಡೆಯದೆ ಉಳಿಯುತ್ತವೆ. ಗಿಡ ತನ್ನ ಪ್ರಾಣ ಉಳಿಸಿಕೊಳ್ಳಲು ಮಾಡುವ ಈ ಕೆಲಸದಿಂದ ಉಣ್ಣುವವನಿಗೂ ಲಾಭ. ಮೊದಲ ಹಿಮ ಬಿದ್ದ ಮೇಲೆ ಕೊಯ್ದ ಕೇಲ್ ಸಿಹಿಯಾಗಿರುತ್ತದೆ. ಅದಕ್ಕೆ ಮೊದಲು ಕೊಯ್ಯುವುದು ಆತುರಗಾರರ ಕೆಲಸವೆಂದು ಹಳೆಯ ತೋಟಗಾರರು ಹೇಳುತ್ತಿದ್ದುದು ಬರಿಯ ನಂಬಿಕೆಯಲ್ಲ.

ಗೋಡೆಯೊಳಗಿನ ನೆಲ

ಹದಿನೆಂಟನೇ ಶತಮಾನದ ನಡುವಿನವರೆಗೆ ಸ್ಕಾಟ್ಲೆಂಡಿನ ಹೊಲಗಳಿಗೆ ಬೇಲಿಯಿರಲಿಲ್ಲ. ಊರಿನ ಸಾಗುವಳಿ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ಒಕ್ಕಲುಗಳು ಹಂಚಿಕೊಳ್ಳುತ್ತಿದ್ದವು. ಬೆಳೆಯುತ್ತಿದ್ದುದು ಮುಖ್ಯವಾಗಿ ಓಟ್ಸ್ ಮತ್ತು ಬಾರ್ಲಿ. ಕೊಯ್ಲು ಮುಗಿದೊಡನೆ ದನಕುರಿಗಳನ್ನು ಇಡೀ ಬಯಲಿಗೆ ಬಿಡುತ್ತಿದ್ದರು. ಕೂಳೆ ಮೇಯಲು ದನ ಬಿಡುವ ಪದ್ಧತಿ ಕರ್ನಾಟಕದ ಹಳ್ಳಿಗಳಿಗೂ ಹೊಸದಲ್ಲ. ಇದರ ಪರಿಣಾಮವೇನೆಂದರೆ, ಚಳಿಗಾಲದಲ್ಲಿ ನಿಲ್ಲುವ ಯಾವ ಬೆಳೆಯನ್ನೂ ಬಯಲಿನಲ್ಲಿ ಉಳಿಸಿಕೊಳ್ಳುವಂತಿರಲಿಲ್ಲ. ಹಸಿರು ಕಂಡಲ್ಲಿ ದನದ ಬಾಯಿ ಬೀಳುತ್ತಿತ್ತು. ವರ್ಷದ ಹನ್ನೆರಡು ತಿಂಗಳೂ ದನಗಳಿಗೆ ಪ್ರವೇಶವಿಲ್ಲದ ನೆಲವೆಂದರೆ ಮನೆಯ ಪಕ್ಕದ ಗೋಡೆಯೊಳಗಿನ ನೆಲ ಮಾತ್ರ. ಆದ್ದರಿಂದಲೇ ಚಳಿಗಾಲದ ತರಕಾರಿ ಹಿತ್ತಲಿನಲ್ಲೇ ಬೆಳೆಯಬೇಕಾಯಿತು.

ಆ ಸಮಾಜದ ಕೆಳಮೆಟ್ಟಿಲಿನಲ್ಲಿದ್ದವರು ‘ಕಾಟರ್’ಗಳು. ಇವರು ಒಕ್ಕಲಿನವನ ಕೈಕೆಳಗೆ ಉಳುಮೆ, ಕೊಯ್ಲುಗಳಲ್ಲಿ ದುಡಿಯುತ್ತಿದ್ದರು. ಕೂಲಿಯೆಂದು ಸಿಗುತ್ತಿದ್ದುದು ಹೆಚ್ಚಾಗಿ ನಾಣ್ಯವಲ್ಲ. ಒಂದು ಗುಡಿಸಲು, ಒಂದು ಕೇಲ್ ಹಿತ್ತಲು, ಒಂದಿಷ್ಟು ಉಳುವ ನೆಲ, ಬಹುಶಃ ಒಂದು ಹಸು ಮೇಯಿಸುವ ಹಕ್ಕು. ಇವುಗಳಲ್ಲಿ ಹಸು ಇಲ್ಲದಿದ್ದರೂ ಸಂಸಾರ ನಡೆಯಬಹುದಿತ್ತು. ಹಿತ್ತಲಿಲ್ಲದೆ ನಡೆಯುವುದು ಕಷ್ಟವಿತ್ತು.

ಹಿತ್ತಲಿನ ಕೆಲಸ ಹೆಚ್ಚಾಗಿ ಹೆಂಗಸರ, ಮಕ್ಕಳ ಪಾಲಿಗೆ ಬರುತ್ತಿತ್ತು. ಒಲೆಯ ಬೂದಿ, ಕೊಟ್ಟಿಗೆಯ ಗೊಬ್ಬರ, ಕರಾವಳಿಯಲ್ಲಾದರೆ ಅಲೆ ತಂದೆಸೆದ ಕಡಲಕಳೆ ಎಲ್ಲವೂ ಅಲ್ಲಿಗೇ ಸುರಿಯುತ್ತಿದ್ದವು. ಬೀಜವನ್ನು ಮೊದಲು ಒಂದು ಮೂಲೆಯ ಮಡಿಯಲ್ಲಿ ಒತ್ತಾಗಿ ಬಿತ್ತಿ, ಸಸಿ ಗೇಣುದ್ದ ಬಂದ ಮೇಲೆ ಕಿತ್ತು ಒಂದೂವರೆಯಿಂದ ಎರಡು ಅಡಿ ಅಂತರದಲ್ಲಿ ನಾಟಿ ಮಾಡುತ್ತಾರೆ. ನೆಟ್ಟ ಸಸಿಯ ಬುಡವನ್ನು ಕಾಲಿನಿಂದ ಮೆಟ್ಟಿ ಬಿಗಿ ಮಾಡಬೇಕು. ಬುಡ ಸಡಿಲವಿದ್ದರೆ ಚಳಿಗಾಲದ ಗಾಳಿಗೆ ಎತ್ತರದ ಗಿಡ ತೂಗಾಡಿ ಬೇರು ಕೀಳುತ್ತದೆ. ಬೇಸಿಗೆಯಲ್ಲಿ ಬಿಳಿ ಚಿಟ್ಟೆಗಳು ಎಲೆಯ ತಳಭಾಗದಲ್ಲಿ ಮೊಟ್ಟೆಯಿಟ್ಟು ಹೋಗುತ್ತವೆ. ಹುಳುಗಳನ್ನು ಕೈಯಿಂದ ಆರಿಸಿ ತೆಗೆಯದಿದ್ದರೆ ಎಲೆಯ ನರ ಮಾತ್ರ ಉಳಿಯುತ್ತದೆ. ಇದಕ್ಕಿಂತ ದೊಡ್ಡ ಶತ್ರು ಮಣ್ಣಿನೊಳಗಿನದು. ಒಂದೇ ನೆಲದಲ್ಲಿ ವರ್ಷ ವರ್ಷವೂ ಕೋಸಿನ ಜಾತಿಯನ್ನೇ ಬೆಳೆದರೆ ಬೇರು ಬಾತುಕೊಂಡು ಗಂಟುಗಂಟಾಗುವ ರೋಗ ತಗಲುತ್ತದೆ. ಬಾತ ಬೇರು ಬೆರಳುಗಳಂತೆ ಕಾಣುವುದರಿಂದ ಅದನ್ನು ‘ಬೆರಳು-ಕಾಲ್ಬೆರಳು’ ರೋಗವೆಂದೇ ಕರೆದರು. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ರಷ್ಯದ ವಿಜ್ಞಾನಿ ಮಿಖಾಯಿಲ್ ವೊರೋನಿನ್ 1878ರಲ್ಲಿ ವಿವರಿಸಿದ. ಮಣ್ಣಿಗೆ ಸುಣ್ಣ ಸೇರಿಸಿದರೆ ಅದರ ಉಪಟಳ ತಗ್ಗುತ್ತದೆ.

ಕೊಯ್ಲಿನಲ್ಲೂ ಒಂದು ಕ್ರಮವಿದೆ. ಎಲೆಕೋಸನ್ನು ಒಮ್ಮೆ ಕತ್ತರಿಸಿದರೆ ಮುಗಿಯಿತು. ಕೇಲ್ ಹಾಗಲ್ಲ. ಕೆಳಗಿನ ಬಲಿತ ಎಲೆಗಳನ್ನು ಒಂದೊಂದಾಗಿ ಮುರಿದು, ತುದಿಯ ಕುಡಿಯನ್ನು ಹಾಗೇ ಬಿಡಬೇಕು. ಕುಡಿ ಉಳಿದಷ್ಟು ಕಾಲ ಗಿಡ ಎಲೆ ಕೊಡುತ್ತಲೇ ಇರುತ್ತದೆ. ಚಳಿಗಾಲದ ಕೊನೆಗೆ ಕಾಂಡದ ಪಕ್ಕದಿಂದ ಎಳೆಯ ಚಿಗುರು ಒಡೆಯುತ್ತದೆ. ಕಣಜ ಖಾಲಿಯಾಗಿ ಹೊಸ ಬೆಳೆ ಇನ್ನೂ ಬಾರದ ವಸಂತದ ಹಸಿವಿನ ದಿನಗಳಲ್ಲಿ ಈ ಚಿಗುರೇ ಆಸರೆ. ಅಷ್ಟರಲ್ಲಿ ಉಳಿದ ಒಂದೆರಡು ಗಿಡಗಳು ಹಳದಿ ಹೂ ಬಿಟ್ಟು ಕಾಯಿ ಕಟ್ಟುತ್ತವೆ. ಮುಂದಿನ ಸಾಲಿನ ಬೀಜ ಅದೇ.

ಸೊಪ್ಪಿನ ಹೆಸರೇ ಊಟದ ಹೆಸರು

‘ಅನ್ನ’ ಎಂಬ ಪದಕ್ಕೆ ಬೆಂದ ಅಕ್ಕಿಯೆಂದೂ ಅರ್ಥವಿದೆ, ಆಹಾರವೆಂದೂ ಅರ್ಥವಿದೆ. ‘ಅನ್ನದ ಋಣ’ ಎಂದಾಗ ಅಕ್ಕಿಯ ಮಾತು ಬರುವುದಿಲ್ಲ. ಸ್ಕಾಟರ ಮಾತಿನಲ್ಲಿ ‘ಕೇಲ್’ ಪದಕ್ಕೂ ಇದೇ ಗತಿಯಾಯಿತು. ಮೊದಲು ಅದು ಗಿಡದ ಹೆಸರು. ಆಮೇಲೆ ಅದರಿಂದ ಮಾಡಿದ ಸಾರಿನ ಹೆಸರು. ಕೊನೆಗೆ ಮಧ್ಯಾಹ್ನದ ಊಟಕ್ಕೇ ಅದು ಹೆಸರಾಯಿತು. ‘ನಮ್ಮಲ್ಲಿ ಕೇಲ್ ತೆಗೆದುಕೊಂಡು ಹೋಗಿ’ ಎಂದರೆ ಊಟಕ್ಕೆ ಕರೆದಂತೆ. ಊಟದ ಗಂಟೆ ‘ಕೇಲ್ ಬೆಲ್’. ಪೇಟೆಯಲ್ಲಿ ಸೊಪ್ಪು ಮಾರುವವಳು ‘ಕೇಲ್ ವೈಫ್’. ಜಗಳಗಂಟಿಗೂ ಆ ಹೆಸರು ಅಂಟಿಕೊಂಡಿತು. ಹೇಳಿದ್ದನ್ನೇ ಮತ್ತೆ ಹೇಳುವ ಪಾದ್ರಿಯ ಪ್ರವಚನಕ್ಕೆ ‘ತಣ್ಣಗಾದ ಕೇಲನ್ನು ಮತ್ತೆ ಕಾಯಿಸಿದ್ದು’ ಎಂದು ಜನ ಮೂಗು ಮುರಿಯುತ್ತಿದ್ದರು. ಕನ್ನಡದವರು ಅಲ್ಲಿ ಕಿಸುಬಾಯಿ ದಾಸನನ್ನು ನೆನೆಯುತ್ತಿದ್ದರು.

ಆ ಸಾರು ಬಲು ಸರಳ. ಕಲ್ಲಿನ ಒರಳಿನಲ್ಲಿ ಕುಟ್ಟಿ ಹೊಟ್ಟು ತೆಗೆದ ಬಾರ್ಲಿಯನ್ನು ದೊಡ್ಡ ಪಾತ್ರೆಯಲ್ಲಿ ಬೇಯಲು ಇಟ್ಟು, ಕತ್ತರಿಸಿದ ಕೇಲ್ ಎಲೆಗಳನ್ನು ಅದಕ್ಕೆ ಸೇರಿಸಿ ಗಂಟೆಗಟ್ಟಲೆ ಕುದಿಸುತ್ತಿದ್ದರು. ಹಬ್ಬದ ದಿನ ಒಂದು ತುಂಡು ಮಾಂಸ. ಉಳಿದ ದಿನ ಅದೂ ಇಲ್ಲ. ಜೊತೆಗೆ ಓಟ್ಸ್ ಹಿಟ್ಟಿನ ರೊಟ್ಟಿ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವ ಪ್ರಶ್ನೆಯೇ ಇರಲಿಲ್ಲ, ನೀರೇ ಊಟವಾಗಿತ್ತು. ಸೊಪ್ಪು ಬಸಿದ ಕಟ್ಟಿನಿಂದಲೇ ಬಸ್ಸಾರು ಮಾಡುವ ಹಳೆ ಮೈಸೂರಿನ ಅಡುಗೆಮನೆಗೆ ಇದರ ಜಾಣತನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಾನ್ಸನ್ ಕೇಳಿದ ಕಥೆ

ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1773ರಲ್ಲಿ ಗೆಳೆಯ ಜೇಮ್ಸ್ ಬಾಸ್ವೆಲ್ ಜೊತೆ ಸ್ಕಾಟ್ಲೆಂಡನ್ನು ಸುತ್ತಿ, 1775ರಲ್ಲಿ ಪ್ರವಾಸಕಥನವನ್ನು ಪ್ರಕಟಿಸಿದ. ಅಬರ್ಡೀನ್‌ನಲ್ಲಿ ತಾನು ಕೇಳಿದ ಮಾತೊಂದನ್ನು ಅದರಲ್ಲಿ ದಾಖಲಿಸಿದ್ದಾನೆ. ಜೋಡು ಹೊಲಿಯುವುದನ್ನೂ ಕೇಲ್ ನೆಡುವುದನ್ನೂ ಸ್ಕಾಟರು ಕಲಿತದ್ದು 1650ರ ದಶಕದಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಕ್ರಾಮ್‌ವೆಲ್‌ನ ಸೈನಿಕರಿಂದ ಎಂಬುದೇ ಆ ಮಾತು. ಹಾಗಾದರೆ ಕೇಲ್ ಇಲ್ಲದ ಕಾಲದಲ್ಲಿ ಇವರು ಏನು ತಿಂದು ಬದುಕಿದ್ದರೋ ಎಂದು ಜಾನ್ಸನ್ ಚೋದ್ಯಪಡುತ್ತಾನೆ. ಸಾಮಾನ್ಯರ ತಟ್ಟೆಯಲ್ಲಿ ಬೇರೆ ತರಕಾರಿಯೇ ಅವನಿಗೆ ಕಂಡಿರಲಿಲ್ಲ.

ಕಥೆ ಸ್ವಾರಸ್ಯವಾಗಿದೆ, ನಿಜವಲ್ಲ. ಕ್ರಾಮ್‌ವೆಲ್‌ಗಿಂತ ಮೊದಲೇ, ಹದಿನಾರನೇ ಶತಮಾನದ ಸ್ಕಾಟ್ ಬರಹಗಳಲ್ಲಿ ಕೇಲ್ ಹಿತ್ತಲಿನ ಹೆಸರು ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ಅಚ್ಚಾದ ಮೊದಲ ತೋಟಗಾರಿಕೆಯ ಪುಸ್ತಕ ಜಾನ್ ರೀಡ್‌ನ ‘ದಿ ಸ್ಕಾಟ್ಸ್ ಗಾರ್ಡನರ್’ 1683ರಲ್ಲಿ ಎಡಿನ್‌ಬರೊದಲ್ಲಿ ಪ್ರಕಟವಾಯಿತು. ಅದು ಹೊರಬಂದದ್ದು ಸಿರಿವಂತರ ತೋಟಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಮಾಲಿಯ ಕೈಯಿಂದ. ಕಾಟರನ ಹಿತ್ತಲಿಗೆ ಪುಸ್ತಕದ ಅಗತ್ಯವಿರಲಿಲ್ಲ. ಅಲ್ಲಿನ ವಿದ್ಯೆ ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲೇ ದಾಟುತ್ತಿತ್ತು. ಬರಹದಲ್ಲಿ ಇಲ್ಲದ್ದನ್ನು ಇರಲೇ ಇಲ್ಲವೆಂದು ತಿಳಿಯುವ ತಪ್ಪು ಇತಿಹಾಸದಲ್ಲಿ ಬಡವರ ವಿಷಯಕ್ಕೆ ಮತ್ತೆ ಮತ್ತೆ ಆಗುತ್ತದೆ.

ಆದರೆ ಸ್ಕಾಟ್ಲೆಂಡಿನ ಎಲ್ಲರೂ ಕೇಲ್ ಮೆಚ್ಚಿದವರಲ್ಲ. ಉತ್ತರದ ಗುಡ್ಡಗಾಡಿನವರಿಗೆ ಅದು ಬಯಲುಸೀಮೆಯವರ ತಿನಿಸು, ಮೆತ್ತನೆಯ ಜನರ ಲಕ್ಷಣ. ಬಯಲಿನವರ ಸಹವಾಸದಿಂದ ಕೇಲ್ ತಿನ್ನಲು ಕಲಿತ ಗ್ರಾಂಟ್ ಕುಲದವರನ್ನು ಉಳಿದ ಕುಲಗಳು ಅದೇ ಮಾತೆತ್ತಿ ಹಂಗಿಸುತ್ತಿದ್ದವು.

ಗಿಡ ಕಿತ್ತು ಗಂಡನನ್ನು ನೋಡುವುದು

ಬದುಕಿಗೆ ಇಷ್ಟು ಹತ್ತಿರವಾದ ಗಿಡ ಆಚರಣೆಗಳಿಗೂ ಬಾರದಿರುತ್ತದೆಯೆ? ಅಕ್ಟೋಬರ್ ಕೊನೆಯ ರಾತ್ರಿ ಬರುವ ಹ್ಯಾಲೊವೀನ್ ಹಬ್ಬದ ಆಚರಣೆಗಳನ್ನು ಕವಿ ರಾಬರ್ಟ್ ಬರ್ನ್ಸ್ ತನ್ನ ‘ಹ್ಯಾಲೊವೀನ್’ ಕವನದಲ್ಲೂ ಅದಕ್ಕೆ ತಾನೇ ಬರೆದ ಅಡಿಟಿಪ್ಪಣಿಗಳಲ್ಲೂ ವಿವರಿಸಿದ್ದಾನೆ. ಕವನ 1786ರ ಅವನ ಮೊದಲ ಸಂಕಲನದಲ್ಲಿದೆ. ಆ ರಾತ್ರಿಯ ಮೊದಲ ಶಾಸ್ತ್ರವೇ ಕೇಲ್ ಕೀಳುವುದು. ಮದುವೆಯಾಗದ ಹುಡುಗ ಹುಡುಗಿಯರು ಕೈ ಕೈ ಹಿಡಿದು, ಕಣ್ಣು ಮುಚ್ಚಿಕೊಂಡು ಹಿತ್ತಲಿಗೆ ಹೋಗಿ, ಕೈಗೆ ಸಿಕ್ಕ ಮೊದಲ ಗಿಡವನ್ನು ಕೀಳುತ್ತಿದ್ದರು. ಗಿಡ ಉದ್ದವೋ ಗಿಡ್ಡವೋ, ನೆಟ್ಟಗಿದೆಯೋ ಸೊಟ್ಟಗಿದೆಯೋ, ಬರುವ ಗಂಡ ಅಥವಾ ಹೆಂಡತಿಯ ರೂಪವೂ ಹಾಗೆಯೇ. ಬೇರಿಗೆ ಮಣ್ಣು ಅಂಟಿ ಬಂದರೆ ಅದು ವರದಕ್ಷಿಣೆಯ ಸೂಚನೆ. ಕಾಂಡದ ತಿರುಳನ್ನು ಚೀಪಿ ನೋಡಿದರೆ ಸಿಹಿಯೋ ಕಹಿಯೋ ಸ್ವಭಾವವೂ ತಿಳಿಯುತ್ತದೆ. ಕಡೆಗೆ ಆ ಕಾಂಡಗಳನ್ನು ಬಾಗಿಲಿನ ಮೇಲೆ ಸಾಲಾಗಿ ಇಡುತ್ತಿದ್ದರು. ಆಮೇಲೆ ಮನೆಗೆ ಬಂದವರ ಹೆಸರೇ ಅನುಕ್ರಮವಾಗಿ ಆಯಾ ಗಿಡ ಕಿತ್ತವರ ಸಂಗಾತಿಯ ಹೆಸರು!

ಇದನ್ನೆಲ್ಲ ಬರ್ನ್ಸ್ ಹೊರಗಿನವನಾಗಿ ಬರೆಯಲಿಲ್ಲ. ಅವನ ತಂದೆ ಕಸುಬಿನಿಂದ ಮಾಲಿ. ಆಲೊವೇ ಎಂಬಲ್ಲಿ ಏಳು ಎಕರೆಯಷ್ಟು ನೆಲ ಹಿಡಿದು ತರಕಾರಿ ಬೆಳೆಯುವ ಆಸೆಯಿಂದ 1757ರಲ್ಲಿ ಅವನು ಸ್ವಂತ ಕೈಯಿಂದ ಕಟ್ಟಿದ ಮಣ್ಣುಗೋಡೆಯ ಮನೆಯಲ್ಲೇ 1759ರಲ್ಲಿ ಕವಿ ಹುಟ್ಟಿದ.

ಗಾಳಿಯ ದ್ವೀಪದಲ್ಲಿ

ಹಿತ್ತಲನ್ನು ಕಾಯಲು ಮನುಷ್ಯ ಎಷ್ಟು ಶ್ರಮಪಡಬಲ್ಲ ಎಂಬುದನ್ನು ನೋಡಲು ಸ್ಕಾಟ್ಲೆಂಡಿನ ತುತ್ತತುದಿಯ ಶೆಟ್ಲೆಂಡ್ ದ್ವೀಪಗಳಿಗೆ ಹೋಗಬೇಕು. ಅಲ್ಲಿ ಮರಗಳು ಬಲು ಅಪರೂಪ. ಉಪ್ಪು ಹೊತ್ತ ಗಾಳಿ ನಿಲ್ಲುವುದೇ ಇಲ್ಲ. ಎಳೆಯ ಸಸಿ ಬಯಲಿನಲ್ಲಿ ಉಳಿಯುವ ಮಾತೇ ಇಲ್ಲ. ದ್ವೀಪವಾಸಿಗಳು ಇದಕ್ಕೆ ಕಂಡುಕೊಂಡ ಉಪಾಯದ ಹೆಸರು ‘ಪ್ಲಾಂಟಿಕ್ರಬ್’. ಊರಿನ ಗೋಮಾಳದಂಥ ಗುಡ್ಡದ ನೆಲದಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು, ಬಾವಿಯ ಕಟ್ಟೆಯಂತೆ ದುಂಡಗೆ ಕಟ್ಟಿದ ಸಣ್ಣ ಆವರಣ ಅದು. ಗಾಳಿಯೂ ಕುರಿಯೂ ಒಳಗೆ ನುಗ್ಗದಷ್ಟು ಎತ್ತರ. ಬೇಸಿಗೆಯ ಕೊನೆಯಲ್ಲಿ ಅದರೊಳಗೆ ಕೇಲ್ ಬೀಜ ಚೆಲ್ಲಿ, ಸಸಿಗಳು ಚಳಿಗಾಲವನ್ನು ಅಲ್ಲೇ ಕಳೆಯಲು ಬಿಟ್ಟು, ವಸಂತದಲ್ಲಿ ಮನೆಯ ಹಿತ್ತಲಿಗೆ ತಂದು ನಾಟಿ ಮಾಡುತ್ತಿದ್ದರು. ಎಲೆ ತಟ್ಟೆಗೆ ಬರಲು ಒಂದು ವರ್ಷಕ್ಕೂ ಮೀರಿದ ತಾಳ್ಮೆ ಬೇಕಿತ್ತು. ಒಳಗಿನ ಎಳೆಯ ಭಾಗ ಮನೆಯವರಿಗೆ, ಹೊರಗಿನ ಒರಟು ಎಲೆ ದನಕುರಿಗಳಿಗೆ.

ಹೀಗೆ ಮನೆ ಮನೆಯಲ್ಲೂ ಬೀಜ ಕಾಯ್ದುಕೊಂಡು ಬಂದುದರಿಂದ ಅಲ್ಲಿ ಒಂದು ವಿಶಿಷ್ಟ ತಳಿಯೇ ಉಳಿಯಿತು. ಶೆಟ್ಲೆಂಡ್ ಕೇಲ್ ಎಂದೂ ಶೆಟ್ಲೆಂಡ್ ಕೋಸು ಎಂದೂ ಅದನ್ನು ಕರೆಯುತ್ತಾರೆ. ಇಂದು ಆ ಕಲ್ಲಿನ ಆವರಣಗಳಲ್ಲಿ ಬಹುಪಾಲು ಕುಸಿದು ಬಿದ್ದಿವೆ.

ಹಿತ್ತಲು ಕಳೆದುಕೊಂಡವರು

ಕೇಲ್ ಹಿತ್ತಲಿನ ಕಾಲವನ್ನು ಸುವರ್ಣಯುಗವೆಂದು ಭಾವಿಸಬೇಕಾಗಿಲ್ಲ. ಸೊಪ್ಪು ಧಾನ್ಯದ ಜಾಗ ತುಂಬಲಾರದು. 1690ರ ದಶಕದಲ್ಲಿ ಓಟ್ಸ್ ಬೆಳೆ ಮೇಲಿಂದ ಮೇಲೆ ಕೈಕೊಟ್ಟಾಗ ಸ್ಕಾಟ್ಲೆಂಡಿನಲ್ಲಿ ಭೀಕರ ಕ್ಷಾಮ ಬಂತು. ಹಿತ್ತಲಿದ್ದವರೂ ಸತ್ತರು. ಆದರೆ ಧಾನ್ಯವಿದ್ದರೂ ಸೊಪ್ಪಿಲ್ಲದಿದ್ದರೆ ಬರುವ ಇನ್ನೊಂದು ಬಗೆಯ ಸಾವಿನಿಂದ ಆ ಹಿತ್ತಲು ಜನರನ್ನು ಕಾಯುತ್ತಿತ್ತು. ಅದು ಸ್ಕರ್ವಿ. ವಸಡು ಬಾತು ರಕ್ತ ಸುರಿದು, ಹಲ್ಲು ಅಲುಗಾಡಿ, ಹಳೆಯ ಗಾಯಗಳು ಮತ್ತೆ ಬಾಯಿಬಿಡುವ ರೋಗ. 1747ರಲ್ಲಿ ಹಡಗಿನ ಹನ್ನೆರಡು ರೋಗಿಗಳ ಮೇಲೆ ಪ್ರಯೋಗ ಮಾಡಿ, ಕಿತ್ತಳೆ ಮತ್ತು ನಿಂಬೆಯಿಂದ ಅದು ಗುಣವಾಗುವುದನ್ನು ತೋರಿಸಿದ ಜೇಮ್ಸ್ ಲಿಂಡ್ ಸ್ವತಃ ಎಡಿನ್‌ಬರೊದವನು. ಅದಕ್ಕೆ ಕಾರಣ ಸಿ ಜೀವಸತ್ವದ ಕೊರತೆ ಎಂಬುದು ಇಪ್ಪತ್ತನೇ ಶತಮಾನದಲ್ಲಷ್ಟೇ ತಿಳಿಯಿತು. 100 ಗ್ರಾಂ ಹಸಿ ಕೇಲ್‌ನಲ್ಲಿ ವಯಸ್ಕರೊಬ್ಬರ ಒಂದು ದಿನದ ಅಗತ್ಯಕ್ಕೆ ಸಾಲುವಷ್ಟು ಸಿ ಜೀವಸತ್ವವಿರುತ್ತದೆ. ಕುದಿಸಿದಾಗ ಅದರಲ್ಲಿ ಒಂದು ಭಾಗ ನಾಶವಾಗುತ್ತದೆ, ಇನ್ನೊಂದು ಭಾಗ ನೀರಿಗೆ ಇಳಿಯುತ್ತದೆ. ಆ ನೀರನ್ನೇ ಕುಡಿಯುವವರಿಗೆ ಅಷ್ಟಾದರೂ ದಕ್ಕುತ್ತಿತ್ತು. ನಿಂಬೆ ಬೆಳೆಯದ ನಾಡಿನಲ್ಲಿ, ಆರು ತಿಂಗಳ ಚಳಿಯಲ್ಲಿ, ಹಿತ್ತಲ ಗಿಡವೇ ಮದ್ದಾಗಿತ್ತು.

1760ರ ನಂತರ ಸ್ಕಾಟ್ಲೆಂಡಿನ ಬಯಲುಸೀಮೆಯಲ್ಲಿ ‘ಸುಧಾರಣೆ’ಯ ಗಾಳಿ ಬೀಸಿತು. ಜಮೀನುದಾರರು ಪಟ್ಟಿ ಹೊಲಗಳನ್ನು ಒಟ್ಟುಗೂಡಿಸಿ, ಬೇಲಿ ಹಾಕಿ, ದೊಡ್ಡ ಒಕ್ಕಲುತನಗಳನ್ನು ಮಾಡಿದರು. ಇಳುವರಿ ಹೆಚ್ಚಿತು, ಗೇಣಿಯೂ ಹೆಚ್ಚಿತು. ಆದರೆ ಈ ಹೊಸ ಲೆಕ್ಕದಲ್ಲಿ ಕಾಟರನಿಗೆ ಕೊಟ್ಟ ತುಂಡು ನೆಲ ದಂಡವೆನಿಸಿತು. ಸರ್ ಜಾನ್ ಸಿಂಕ್ಲೇರ್ 1791ರಿಂದ 1799ರವರೆಗೆ 938 ಪ್ಯಾರಿಷ್‌ಗಳ ಪಾದ್ರಿಗಳಿಂದ ವರದಿ ತರಿಸಿ 21 ಸಂಪುಟಗಳಲ್ಲಿ ಪ್ರಕಟಿಸಿದ. ಕೆಡವಿಹಾಕಿದ ಕಾಟರ್ ಗುಡಿಸಲುಗಳ ಸಂಗತಿ ಆ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗುಡ್ಡಗಾಡಿನ ಜನರನ್ನು ಕುರಿ ಸಾಕಣೆಗಾಗಿ ಒಕ್ಕಲೆಬ್ಬಿಸಿದ ಕಥೆ ಹಾಡುಗಳಲ್ಲಿ ಉಳಿದು ಜಗತ್ತಿಗೆ ಗೊತ್ತಾಯಿತು. ಬಯಲಿನ ಕಾಟರರು ಒಬ್ಬೊಬ್ಬರಾಗಿ, ಸದ್ದಿಲ್ಲದೆ, ಹೊಸ ಹಳ್ಳಿಗಳಿಗೂ ಗ್ಲಾಸ್ಗೊದಂಥ ಪಟ್ಟಣಗಳಿಗೂ ಹೊರಟುಹೋದರು. ಅಲ್ಲಿನ ಬಾಡಿಗೆ ಕೋಣೆಗೆ ಹಿತ್ತಲಿರಲಿಲ್ಲ.

ಅದೇ ಕಾಲಕ್ಕೆ ಬಡವರ ಊಟಕ್ಕೆ ಆಲೂಗಡ್ಡೆ ಬಂತು. ಕಡಿಮೆ ನೆಲದಲ್ಲಿ ಹೆಚ್ಚು ಹೊಟ್ಟೆ ತುಂಬಿಸುವ ಬೆಳೆ ಅದು. ಅದರಲ್ಲೂ ಒಂದಿಷ್ಟು ಸಿ ಜೀವಸತ್ವವಿದ್ದುದರಿಂದ ಕೇಲ್ ಕಡಿಮೆಯಾದದ್ದು ತಟ್ಟನೆ ತಿಳಿಯಲಿಲ್ಲ. 1846ರಲ್ಲಿ ಅಂಗಮಾರಿ ರೋಗ ಬಡಿದು ಆಲೂಗಡ್ಡೆ ನೆಲದಲ್ಲೇ ಕೊಳೆತಾಗ ತಿಳಿಯಿತು. ಪರಿಹಾರವೆಂದು ಹಸಿದವರಿಗೆ ಹಂಚಿದ್ದು ಒಣ ಹಿಟ್ಟು. ಹೊಟ್ಟೆ ಒಂದಿಷ್ಟು ತುಂಬಿತು, ಆದರೆ 1847ರಲ್ಲಿ ಸ್ಕಾಟ್ಲೆಂಡಿನಲ್ಲಿ ಸ್ಕರ್ವಿ ಕಾಣಿಸಿಕೊಂಡಿತು. ನೂರು ವರ್ಷಗಳ ಹಿಂದೆ ಲಿಂಡ್ ಹಡಗಿನ ಮೇಲೆ ಕಂಡ ರೋಗ ಈಗ ನೆಲದ ಮೇಲಿತ್ತು. ಮುಂದೆ 1886ರಲ್ಲಿ ಬಂದ ಕಾಯ್ದೆ ಗುಡ್ಡಗಾಡಿನ ಸಣ್ಣ ಹಿಡುವಳಿದಾರರಿಗೆ ಭದ್ರತೆ ಕೊಟ್ಟಿತು. ಹಿಡುವಳಿಯೇ ಇಲ್ಲದ ಕಾಟರರಿಗೆ ಅದರಿಂದ ಹೆಚ್ಚಿನದೇನೂ ಸಿಗಲಿಲ್ಲ.

ಬೈಗುಳವಾದ ಹೆಸರು

ಹಿತ್ತಲು ಜನರ ಕೈಬಿಟ್ಟ ಮೇಲೆ ಅದರ ಹೆಸರು ಸಾಹಿತ್ಯಕ್ಕೆ ಬಂತು, ಅದೂ ತಿರಸ್ಕಾರದ ಮಾತಾಗಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ‘ಪೀಟರ್ ಪ್ಯಾನ್’ ಖ್ಯಾತಿಯ ಜೆ.ಎಂ. ಬ್ಯಾರಿ, ಇಯಾನ್ ಮೆಕ್ಲಾರೆನ್, ಎಸ್.ಆರ್. ಕ್ರಾಕೆಟ್ ಮೊದಲಾದವರು ಸ್ಕಾಟಿಷ್ ಹಳ್ಳಿಯ ಮುಗ್ಧ, ಸಂತೃಪ್ತ ಬದುಕಿನ ಕಥೆಗಳನ್ನು ಬರೆದರು. ಪುಸ್ತಕಗಳು ಬಿಸಿ ದೋಸೆಯಂತೆ ಖರ್ಚಾದವು. 1895ರಲ್ಲಿ ವಿಮರ್ಶಕ ಜೆ.ಎಚ್. ಮಿಲ್ಲರ್ ಇವರಿಗೆ ‘ಕೇಲ್‌ಯಾರ್ಡ್ ಪಂಥ’ ಎಂದು ಹೆಸರಿಟ್ಟ. ಹಿತ್ತಲ ಗೋಡೆಯಾಚೆ ನೋಡಲಾರದವರು ಎಂಬ ಕುಹಕ ಅದರಲ್ಲಿತ್ತು. ಇಂದಿಗೂ ಸ್ಕಾಟಿಷ್ ವಿಮರ್ಶೆಯಲ್ಲಿ ಆ ಪದ ಹೊಗಳಿಕೆಯಲ್ಲ. ಹಳ್ಳಿಯಿಂದ ಹಿತ್ತಲುಗಳೂ ಅಲ್ಲಿ ದುಡಿದವರೂ ಕಣ್ಮರೆಯಾದ ಮೇಲೆ ಬರೆದ ಸಿಹಿ ಕಥೆಗಳಿಗೆ ಆ ಹೆಸರು ಬಂದದ್ದು ಒಂದು ವ್ಯಂಗ್ಯ. ನಿಜವಾದ ಹಿತ್ತಲಿನಲ್ಲಿ ಸಿಹಿಗಿಂತ ಬೆವರೇ ಹೆಚ್ಚಾಗಿತ್ತು.

ಎರಡನೇ ಮಹಾಯುದ್ಧದಲ್ಲಿ ಸರ್ಕಾರಕ್ಕೇ ಹಿತ್ತಲು ನೆನಪಾಯಿತು. ಹಡಗಿನಲ್ಲಿ ಆಹಾರ ತರುವುದು ಅಪಾಯವಾದಾಗ, 1939ರಲ್ಲಿ ಬ್ರಿಟನ್ ‘ಗೆಲುವಿಗಾಗಿ ಅಗೆಯಿರಿ’ ಎಂಬ ಪ್ರಚಾರ ಹೂಡಿ, ಮನೆಯಂಗಳದ ಹೂದೋಟಗಳಲ್ಲಿ ತರಕಾರಿ ಬೆಳೆಯಲು ಜನರಿಗೆ ಹೇಳಿತು. ಚಳಿಗಾಲದಲ್ಲೂ ನಿಲ್ಲುವ ಕೇಲ್ ಅಲ್ಲಿ ಮತ್ತೆ ಜಾಗ ಪಡೆಯಿತು. ಯುದ್ಧ ಮುಗಿದ ಮೇಲೆ ಅದೇ ಕೇಲ್ ಬರಗಾಲದ ದಿನಗಳ ಕಹಿನೆನಪಾಗಿ ತಟ್ಟೆಯಿಂದ ದೂರವಾಯಿತು. 2010ರ ದಶಕದಲ್ಲಿ ಅಮೆರಿಕದ ಆರೋಗ್ಯಾಸಕ್ತರು ಅದನ್ನು ಹೊಸದಾಗಿ ಕಂಡುಹಿಡಿದಂತೆ ಕೊಂಡಾಡಿದ ಮೇಲೆ ಈಗಿನ ಬೆಲೆ ಬಂದಿದೆ.

ಈ ನಡುವೆ ಸ್ಕಾಟ್ಲೆಂಡಿನಲ್ಲಿ ನಡೆದ ಎರಡು ಕೆಲಸಗಳು ಗಮನಾರ್ಹ. ಎಡಿನ್‌ಬರೊದಲ್ಲಿರುವ ಸರ್ಕಾರಿ ಕೃಷಿ ವಿಜ್ಞಾನ ಸಂಸ್ಥೆ 2006ರಲ್ಲಿ ದೇಸಿ ತಳಿಗಳ ಸಂರಕ್ಷಣಾ ಯೋಜನೆಯನ್ನು ಆರಂಭಿಸಿ ಶೆಟ್ಲೆಂಡ್ ಕೋಸನ್ನೂ ಅದರಲ್ಲಿ ಸೇರಿಸಿತು. ಇನ್ನೊಂದು, 2015ರ ಸಮುದಾಯ ಸಬಲೀಕರಣ ಕಾಯ್ದೆ. ಸ್ವಂತಕ್ಕೆ ತರಕಾರಿ ಬೆಳೆದುಕೊಳ್ಳಲು ತುಂಡು ನೆಲ ಬೇಕೆಂದು ಅರ್ಜಿ ಹಾಕಿದವರು ಐದು ವರ್ಷಕ್ಕಿಂತ ಹೆಚ್ಚು ಕಾಯುವಂತಾಗದ ಹಾಗೆ ಸ್ಥಳೀಯ ಆಡಳಿತ ಕ್ರಮ ಕೈಗೊಳ್ಳಬೇಕೆಂದು ಅದು ಹೇಳುತ್ತದೆ. ಕಾಟರನಿಂದ ಕಿತ್ತುಕೊಂಡ ನೆಲ ಇದರಿಂದ ಮರಳಿ ಬರುವುದಿಲ್ಲ. ಆದರೆ ತರಕಾರಿ ಬೆಳೆಯಲು ನೆಲ ಕೇಳುವುದು ನ್ಯಾಯವಾದ ಬೇಡಿಕೆಯೆಂದು ಕಾನೂನು ಒಪ್ಪಿದಂತಾಗಿದೆ.

ಹಿತ್ತಲಿನ ಕೇಲ್ ನೋಡಲು ಭಾರತೀಯರು ಸ್ಕಾಟ್ಲೆಂಡಿಗೇ ಹೋಗಬೇಕಾಗಿಲ್ಲ. ಕಾಶ್ಮೀರದ ಮನೆಗಳ ಅಂಗಳದಲ್ಲಿ ಬೆಳೆಯುವ ‘ಹಾಖ್’ ಸೊಪ್ಪು ಕೇಲ್‌ನ ಒಡಹುಟ್ಟು. ಇದೂ ಉಂಡೆ ಕಟ್ಟದ ಕೋಸು. ಅಲ್ಲಿಯೂ ಎಲೆ ಎಲೆಯಾಗಿ ಕೊಯ್ದು, ನೀರು ಚೆಲ್ಲದೆ ತೆಳು ಸಾರಿನಂತೆ ಬೇಯಿಸಿ, ಅನ್ನದ ಜೊತೆ ಉಣ್ಣುತ್ತಾರೆ. ಅದು ಅಲ್ಲಿ ಯಾವತ್ತೂ ಅದ್ಭುತ ಆಹಾರವಾಗಲಿಲ್ಲ, ಬೈಗುಳವೂ ಆಗಲಿಲ್ಲ. ದಿನನಿತ್ಯದ ಊಟವಾಗಿ ಉಳಿದಿದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹತ್ತಿರವಿರುವುದನ್ನು ಹಗುರವಾಗಿ ಕಾಣುವ ಮನುಷ್ಯಸ್ವಭಾವವನ್ನು ಹೇಳುತ್ತದೆ. ಸ್ಕಾಟ್ಲೆಂಡಿನ ಅನುಭವ ಅದಕ್ಕೊಂದು ಮಾತು ಸೇರಿಸುತ್ತದೆ. ಗಿಡ ಮದ್ದೆಂದು ಜನರಿಗೆ ತಿಳಿಯುವ ಹೊತ್ತಿಗೆ ಹಿತ್ತಲೇ ಉಳಿದಿರುವುದಿಲ್ಲ. ಕೇಲ್ ಬೀಜ ಇಂದು ಯಾವ ಊರಿನಲ್ಲಾದರೂ ಕೊಳ್ಳಲು ಸಿಗುತ್ತದೆ. ಅದನ್ನು ಬಿತ್ತಲು ಒಂದು ತುಂಡು ನೆಲ ಸಿಗುವುದೇ ಕಷ್ಟ.